ಕಡಲ ನೊರೆ

ಹೆಬ್ಬೆರಳು ಒತ್ತಿದ. ಕುಳಿ ಬಿತ್ತು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

ಒತ್ತಿ ನೋಡುವುದು ಮರುಳಸಿದ್ದಪ್ಪನ ಕಸುಬು. ಮಾರಿಕಣಿವೆಯ ಅಣೆಕಟ್ಟೆಯ ಕೆಲಸದಲ್ಲಿ ಅವನು ಸುಣ್ಣದ ಅಂಗಳದ ಲೆಕ್ಕ ಬರೆಯುವ ರೈಟರ್. ಗಾರೆಯ ಬಿಲ್ಲೆಗಳನ್ನು ಹಲಗೆಯ ಮೇಲೆ ಸಾಲಾಗಿ ಒಣಗಲು ಬಿಟ್ಟು, ಗೊತ್ತಾದ ದಿನ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಕುಳಿ ಬಿದ್ದರೆ ಸುಣ್ಣ ಕೆಲಸಕ್ಕೆ ಬಾರದು. ಆದರೆ ಈಗ ಅವನ ಅಂಗೈಯಲ್ಲಿದ್ದದ್ದು ಬಿಲ್ಲೆಯಲ್ಲ, ಮೊಟ್ಟೆ. ಹುಟ್ಟಿ ಮೂವತ್ತೊಂದು ವರ್ಷಕ್ಕೆ ಅವನು ಮೊಟ್ಟೆಯೊಂದನ್ನು ಮುಟ್ಟಿದ್ದು ಇದೇ ಮೊದಲು. ಮೊಟ್ಟೆಗೆ ಚಿಪ್ಪಿರುತ್ತದೆ ಎಂದು ಕೇಳಿ ಬಲ್ಲ. ಇದಕ್ಕೆ ಬರೀ ತೊಗಲಿತ್ತು, ಹಸುಗೂಸಿನ ಕಿವಿಯ ಹಾಗೆ ಮೆತ್ತಗೆ.

ಹೆಂಡತಿ ಸರ್ವಮಂಗಳ ಅಡುಗೆಮನೆಯ ಹೊಸಿಲಿನಲ್ಲೇ ನಿಂತಿದ್ದಳು. ಸ್ನಾನವಾಗಿತ್ತು, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

"ಅಪ್ಪಣ್ಣಾ," ಎಂದಳು ಪಂಜರದ ಗಿಳಿಗೆ. "ಅದನ್ನ ಆಚೆಗೆ ಹಾಕಿ ಬರಾಕೆ ಹೇಳು. ಪೂಜೆ ಆಗ್ಬೇಕು."

ಅಪ್ಪಣ್ಣ ಏನೂ ಹೇಳಲಿಲ್ಲ. ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ಕೂತಿತ್ತು.

"ಆತು ಅಂತ ಹೇಳು," ಎಂದ ಮರುಳಸಿದ್ದಪ್ಪ.

ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದೇ ಹೀಗೆ. ಮದುವೆಯಾದ ಹೊಸದರಲ್ಲಿ, ಹೊಳಲ್ಕೆರೆಯ ತುಂಬಿದ ಮನೆಯಲ್ಲಿ, ಸರ್ವಮಂಗಳ ಗಂಡನಿಗೆ ಹೇಳಬೇಕಾದದ್ದನ್ನು ಭಾವನ ಮಕ್ಕಳಿಗೆ ಹೇಳುತ್ತಿದ್ದಳು. ಮಕ್ಕಳು ಓಡಿ ಬಂದು ಅವನಿಗೆ ಒಪ್ಪಿಸುತ್ತಿದ್ದವು. ಹಿರಿಯರ ಎದುರು ಗಂಡನೊಡನೆ ನೇರವಾಗಿ ಮಾತಾಡುವ ರೂಢಿಯಿರಲಿಲ್ಲ. ಮಾರಿಕಣಿವೆಯ ಸರ್ಕಾರಿ ಮನೆಗೆ ಬಂದಾಗ ಹಿರಿಯರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ರೂಢಿ ಮಾತ್ರ ಗಂಟುಮೂಟೆಯ ಜೊತೆ ಬಂದಿತ್ತು. ಅವಳು ಊಟಕ್ಕೆ ಎಬ್ಬಿಸಲು ಲೋಟದಿಂದ ತಟ್ಟೆ ಬಡಿಯುತ್ತಿದ್ದಳು. ಆರು ತಿಂಗಳು ಆ ಸದ್ದು ಕೇಳಿ ತಡೆಯಲಾರದೆ ಅವನು ಐಮಂಗಲದ ಕಡೆಯ ಹಕ್ಕಿ ಹಿಡಿಯುವವನೊಬ್ಬನಿಂದ ಗಿಳಿಯೊಂದನ್ನು ತಂದ. ಮನೆಯಲ್ಲಿ ಇನ್ನೊಂದು ಜೀವವಿರಲಿ ಎಂದಷ್ಟೇ ಅವನ ಯೋಚನೆ. ಅವಳು ಅದಕ್ಕೆ ಅಪ್ಪಣ್ಣ ಎಂದು ಹೆಸರಿಟ್ಟಳು. ಅಂದಿನಿಂದ ಮಾತೆಲ್ಲ ಅಪ್ಪಣ್ಣನ ಮೂಲಕ.

ನಾಲ್ಕು ವರ್ಷದಲ್ಲಿ ಗಿಳಿ ಇಬ್ಬರ ಮಾತನ್ನೂ ಕಲಿತಿತ್ತು. "ಊಟಕ್ಕೆ ಬರ್ತಾರಾ ಕೇಳು" ಎಂದು ಅವಳ ದನಿಯಲ್ಲಿ ಹೇಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು "ಬಂದೆ ಅಂತ ಹೇಳು" ಎಂದು ಅವನ ದನಿಯಲ್ಲಿ ತಾನೇ ಉತ್ತರ ಕೊಡುತ್ತಿತ್ತು. ಗಂಡಹೆಂಡಿರಿಬ್ಬರೂ ಸುಮ್ಮನಿದ್ದ ಮಧ್ಯಾಹ್ನಗಳಲ್ಲಿ ಪಂಜರದೊಳಗೆ ಒಂದು ಸಂಸಾರ ಸರಾಗವಾಗಿ ಸಾಗುತ್ತಿತ್ತು.

ಗಂಡು ಗಿಳಿಗೆ ಕೊರಳಲ್ಲಿ ಕೆಂಪು ಪಟ್ಟಿ ಮೂಡಬೇಕು. ಅಪ್ಪಣ್ಣನಿಗೆ ಮೂಡಿರಲಿಲ್ಲ. ಇವತ್ತು ಮೂಡೀತು ನಾಳೆ ಮೂಡೀತು ಎಂದು ಅವಳು ಕಾದಿದ್ದಳು. ಈಗ ಪಟ್ಟಿಯ ಬದಲು ಮೊಟ್ಟೆ ಬಂದಿತ್ತು. ಆ ವಿಷಯ ಇಬ್ಬರೂ ಎತ್ತಲಿಲ್ಲ. ಎತ್ತುವುದಾದರೂ ಯಾರ ಮೂಲಕ?

ಅವನು ಮೊಟ್ಟೆಯನ್ನು ಲೇಖನಿಯ ಮುಳ್ಳುಗಳ ತಗಡಿನ ಡಬ್ಬಿಯಲ್ಲಿಟ್ಟು ಕೋಟಿನ ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ ಎಲ್ಲಾದರೂ ಎಸೆಯೋಣ ಎಂದುಕೊಂಡ. ಬೇಲಿ ಸಿಕ್ಕಿತು, ಹಳ್ಳ ಸಿಕ್ಕಿತು. ಎಲ್ಲಿ ಎಸೆಯಹೋದರೂ ಯಾರೋ ನೋಡುತ್ತಿದ್ದಾರೆ ಎನಿಸಿತು. ಅಂಗಳ ಮುಟ್ಟಿದಾಗ ಡಬ್ಬಿ ಜೇಬಿನಲ್ಲೇ ಇತ್ತು.

*

ಎರಡು ಗುಡ್ಡಗಳ ನಡುವೆ ಗೋಡೆ ಏಳುತ್ತಿತ್ತು. ಕೆಳಗೆ ಅಂಗಳದಲ್ಲಿ ಸುಣ್ಣ ಸುಡುವ ಗೂಡುಗಳ ಹೊಗೆ. ಸುಟ್ಟ ಸುಣ್ಣಕಲ್ಲಿಗೆ ನೀರು ಬಿದ್ದಲ್ಲೆಲ್ಲ ಕುದಿಯುವ ಸದ್ದು. ಮರದ ಎಲೆ, ಎತ್ತಿನ ರೆಪ್ಪೆ, ಹೆಂಗಸರ ಬೈತಲೆ, ಎಲ್ಲವೂ ಬಿಳಿ. ಮರುಳಸಿದ್ದಪ್ಪ ಮನೆಗೆ ಹೋಗಿ ಎಷ್ಟು ಕೊಡವಿದರೂ ಕೋಟಿನ ಮಡಿಕೆಯಲ್ಲಿ ಬಿಳಿ ಉಳಿಯುತ್ತಿತ್ತು.

ಮೊಟ್ಟೆಗೆ ಚಿಪ್ಪಿಲ್ಲದ ಕಾರಣ ಅವನಿಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ಅನುಮಾನವಿತ್ತು. ಚಿತ್ರದುರ್ಗದ ಪೇಟೆಯಲ್ಲಿ ಹಗಲು ಜವಳಿ ಅಂಗಡಿಯಲ್ಲಿ ದುಡಿದು ಸಂಜೆ ಶಾಲೆಗೆ ಹೋಗುತ್ತಿದ್ದಾಗ ಮೇಷ್ಟರು ಓದಿಸಿದ್ದರು: ಮೂಳೆಯೂ ಸುಣ್ಣವೇ, ಹಲ್ಲೂ ಸುಣ್ಣವೇ, ಮೊಟ್ಟೆಯ ಚಿಪ್ಪೂ ಸುಣ್ಣವೇ. ಮೈಯಲ್ಲಿ ಸುಣ್ಣ ಸಾಲದ ಪ್ರಾಣಿಯ ಗತಿಯೇನು ಎಂಬುದು ಮುಂದಿನ ಪುಟದಲ್ಲಿತ್ತು. ಅಷ್ಟು ಹೊತ್ತಿಗೆ ಲಾಂದ್ರದ ಎಣ್ಣೆ ಮುಗಿದಿತ್ತು. ಮಾರನೆಯ ದಿನ ಮೇಷ್ಟರು ಬೇರೆ ಪಾಠ ಹಿಡಿದರು.

ಸುತ್ತ ಗುಡ್ಡೆಗುಡ್ಡೆ ಸುಣ್ಣ. ಒಂದು ಚಿಟಿಕೆ ಸಾಕು. ಆದರೆ ಎಷ್ಟು ಚಿಟಿಕೆ? ಎಂಥ ಸುಣ್ಣ? ಹೋದ ಬೇಸಗೆಯಲ್ಲಿ ಗೊಲ್ಲಪ್ಪನೆಂಬ ಕೂಲಿಯವನ ಕಣ್ಣಿಗೆ ಹಸಿ ಸುಣ್ಣ ಸಿಡಿದದ್ದನ್ನು ಅವನು ಕಂಡಿದ್ದ. ಆ ಕಣ್ಣು ಈಗ ಬೇಯಿಸಿದ ಅವರೆಕಾಳಿನ ಹಾಗಿದೆ. ಗಿಳಿಯ ನಾಲಿಗೆ ಅದಕ್ಕಿಂತ ಗಟ್ಟಿಯೇನು?

ಜರಡಿ ಹಿಡಿಯುವ ಕಾಳಕ್ಕ ಅವನನ್ನು ನೋಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಅಂಗಳದಲ್ಲಿ ಅವಳಿಗೆ ಯಾರ ಹೆದರಿಕೆಯೂ ಇಲ್ಲ.

"ಏನ್ ರೈಟ್ರೇ, ಜೇಬನ್ನ ಬಸುರಿ ಹೊಟ್ಟೆ ಹಿಡ್ಕಂಡಂಗೆ ಹಿಡ್ಕಂಡೀರಿ?"

ಅವನು ಆಚೀಚೆ ನೋಡಿ ಡಬ್ಬಿ ತೆರೆದ. ಕಾಳಕ್ಕ ಬಗ್ಗಿದಳು. ಆಮೇಲೆ ಜರಡಿ ಕೆಳಗಿಟ್ಟು ಸೊಂಟ ಹಿಡಿದು ನಕ್ಕಳು.

"ಅಯ್ಯ ಶಿವನೇ! ಲಿಂಗ ಕಟ್ಟಿದೋರ ಜೇಬಲ್ಲಿ ಮೊಟ್ಟೆ! ಲೇ ಮಲ್ಲಕ್ಕಾ..."

"ಕೂಗಬ್ಯಾಡ. ಮನೇಲಿ ಗಿಳಿ ಇಟ್ಟೈತೆ. ಚಿಪ್ಪಿಲ್ಲ."

"ತೊಗಲುಮೊಟ್ಟೆ ಬಿಡ್ರಿ. ಕೋಳೀನೂ ಇಡ್ತಾವೆ." ಅವಳು ನಗು ನಿಲ್ಲಿಸಿದಳು. "ಗಿಳಿ ಹೆಂಗೈತೆ?"

"ಗರಿ ಕೆದರ್ಕಂಡು ಕುಂತೈತೆ."

"ಬಾಲ ಕುಣಿಸ್ತೈತಾ? ಮುಕ್ಕಿರಿದಂಗೆ?"

ಅವನು ನೆನೆದು ಹೌದೆಂದ.

"ಅಂಗಾರೆ ಒಳಗೆ ಇನ್ನೊಂದೈತೆ. ಅದು ಬರಾಕೆ ಒದ್ದಾಡ್ತೈತೆ. ಇವತ್ತು ಹೊತ್ತು ಮುಳುಗಾದ್ರೊಳಗೆ ಬರ್ಬೇಕು ರೈಟ್ರೇ. ಬರ್ಲಿಲ್ಲಾಂದ್ರೆ ಗಿಳಿ ಉಳಿಯಲ್ಲ. ನನ್ನ ಮೂರು ಕೋಳಿ ಹಂಗೇ ಹೋದ್ವು."

"ಏನ್ ಮಾಡ್ಬೇಕು?"

"ಚಿಪ್ಪು ಕುಟ್ಟಿ ಹಾಕ್ರಿ, ಮೈಗೆ ಕಸುವು ಬರ್ಲಿ. ನನ್ನ ಗುಡಿಸ್ಲಲ್ಲಿ ಬುಟ್ಟಿ ತುಂಬ ಅವೆ, ಕೋಳಿಮೊಟ್ಟೇವು."

ಅವನ ಮುಖ ನೋಡಿ ಅವಳೇ ಕೈಯಾಡಿಸಿದಳು. "ಆತು ಬಿಡ್ರಿ, ನಿಮ್ಮನೇಗೆ ಅದು ಹೋಗಲ್ಲ. ರೇವಣಸಿದ್ದಪ್ಪನ ಅಂಗಡೀಲಿ ಕಡಲ ನೊರೆ ಸಿಗ್ತೈತೆ. ಕೂಸುಗಳ ಕಿವಿ ಸೋರಿದ್ರೆ ಹಾಕ್ತಾರಲ್ಲ, ಬೆಳ್ಳಗೆ, ಅದು. ಹೆರೆದು ಬಾಳೆಹಣ್ಣಾಗೆ ಕಲಸ್ರಿ. ಅದೂ ಇದೂ ಒಂದೇ."

ಅದೂ ಇದೂ ಒಂದೇ ಎಂದು ಅವಳಿಗೆ ಯಾವ ಸಂಜೆ ಶಾಲೆ ಹೇಳಿಕೊಟ್ಟಿತೋ.

"ಡಬ್ಬಿ ತರ್ರಿ ಇತ್ಲಾಗೆ." ಅವಳು ಡಬ್ಬಿ ಕಿತ್ತುಕೊಂಡು ಮೊಟ್ಟೆಯನ್ನು ಸುಣ್ಣ ಕುದಿಯುವ ಗುಂಡಿಗೆ ಎಸೆದಳು. ಮೂರು ತಾಸು ಅವನು ಹೊತ್ತು ತಿರುಗಿದ್ದು 'ಚುರ್' ಎಂದೂ ಅನ್ನದೆ ಬಿಳಿಯಲ್ಲಿ ಬಿಳಿಯಾಯಿತು.

*

ರೇವಣಸಿದ್ದಪ್ಪನ ಅಂಗಡಿಯ ಮೇಲೆ ಸರ್ವಮಂಗಳಳಿಗೆ ಪೂರ್ತಿ ನಂಬಿಕೆಯಿತ್ತು. ಮಠಕ್ಕೆ ನಡೆದುಕೊಳ್ಳುವ ಮನುಷ್ಯ. ಅವನ ತಕ್ಕಡಿಯ ಮೇಲೂ ವಿಭೂತಿಯ ಮೂರು ಗೆರೆ.

"ಬರ್ರಿ ಬರ್ರಿ, ಕುಂತ್ಕಳ್ರಿ. ಕಡಲ ನೊರೆನಾ? ಯಾರಿಗೆ ಕಿವಿ ಸೋರ್ತೈತೆ?"

"ಗಿಳಿಗೆ."

"ಗಿಳಿಗೆ ಕಿವಿ ಸೋರ್ತೈತಾ?"

"ಅಲ್ಲ. ತಿನ್ನಾಕೆ."

"ಒಳ್ಳೇದೇ. ಪವಿತ್ರ ವಸ್ತು ನೋಡ್ರಿ. ಸಮುದ್ರ ಉಕ್ಕಿದಾಗ ನೊರೆ ಬಂದು ದಡಕ್ಕೆ ನಿಲ್ತೈತೆ. ಬಿಸಿಲಿಗೆ ಹೆಪ್ಪುಗಟ್ತೈತೆ." ಅವನು ಎಲೆಯಾಕಾರದ, ಹಗುರವಾದ, ಬಿಳಿಯ ತುಂಡೊಂದನ್ನು ಕಾಗದದಲ್ಲಿ ಸುತ್ತಿದ. "ನೊರೆ ನೋಡ್ರಿ. ತೂಕಾನೇ ಇಲ್ಲ."

ಮರುಳಸಿದ್ದಪ್ಪ ತಲೆಯಾಡಿಸಿದ.

ಅದು ನೊರೆಯಲ್ಲ. ಸಂಜೆ ಶಾಲೆಯಲ್ಲಿ ಕಲಿತ ಎಷ್ಟೋ ವಿಷಯಗಳ ಬಗ್ಗೆ ಅವನಿಗೆ ಅನುಮಾನವಿತ್ತು; ಇದೊಂದರ ಬಗ್ಗೆ ಇರಲಿಲ್ಲ. ಮೇಷ್ಟರು ಇಂಥದೇ ತುಂಡನ್ನು ಕೈಯಿಂದ ಕೈಗೆ ಕೊಟ್ಟು, ಎಲ್ಲರೂ ಮುಟ್ಟಿ ನೋಡಿದ ಮೇಲೆ ಹೇಳಿದ್ದರು: ಸಮುದ್ರದಲ್ಲಿ ಮೈಯೆಲ್ಲ ಮೆತ್ತಗಿರುವ ಒಂದು ಜಂತುವಿದೆ, ಇದು ಅದರ ಬೆನ್ನೊಳಗಿನ ಹಲಗೆ, ಅದರ ಮೂಳೆಯೆಂದೇ ತಿಳಿಯಿರಿ. ಅಂದು ತರಗತಿಯೆಲ್ಲ ಎದ್ದು ಹೊಂಡಕ್ಕೆ ಹೋಗಿ ಕೈ ತೊಳೆದುಕೊಂಡಿತ್ತು. ಅವನು ಎರಡು ಸಲ ತೊಳೆದಿದ್ದ.

ಊರಿಗೆ ಊರೇ ನೊರೆಯೆನ್ನುತ್ತದೆ. ಮಠಕ್ಕೆ ನಡೆದುಕೊಳ್ಳುವ ರೇವಣಸಿದ್ದಪ್ಪ ನೊರೆಯೆನ್ನುತ್ತಾನೆ. ಕೂಸುಗಳ ಕಿವಿಗೆ ಹಾಕುವ ತಾಯಂದಿರೆಲ್ಲ ನೊರೆಯೆನ್ನುತ್ತಾರೆ. ನಾನೊಬ್ಬ ಸುಮ್ಮನಿದ್ದರೆ ನೊರೆಯೇ. ಮನೆಯ ಕಡೆ ನಡೆಯುತ್ತ ಅವನು ಇದನ್ನು ಮತ್ತೆ ಮತ್ತೆ ಹೇಳಿಕೊಂಡ. ಸುಮ್ಮನಿರುವುದು ಅವನಿಗೆ ಹೊಸದೇನೂ ಅಲ್ಲ. ನಾಲ್ಕು ವರ್ಷ ಅದನ್ನೇ ಮಾಡಿದ್ದ.

*

"ಅಪ್ಪಣ್ಣಾ, ಕಡಲ ನೊರೆ ತಂದೀನಿ ಅಂತ ಹೇಳು. ರೇವಣಸಿದ್ದಪ್ಪನ ಅಂಗಡೀದು. ಹಣ್ಣಾಗೆ ಕಲಸಿ ಕೊಟ್ರೆ ಉಳಿತೈತಂತೆ."

ಸರ್ವಮಂಗಳ ಗಿಳಿಯ ಕಡೆ ನೋಡಲಿಲ್ಲ. ಪೊಟ್ಟಣದ ಕಡೆ ನೋಡಿದಳು. ಬೆಳಗಿನಿಂದ ಅವಳು ಪಂಜರದ ಹತ್ತಿರವೇ ಕೂತಿದ್ದಳೆಂದು ನೆಲದ ಮೇಲಿನ ಚಾಪೆ ಹೇಳುತ್ತಿತ್ತು. ಅಪ್ಪಣ್ಣ ಕಂಬಿಯಿಂದ ಇಳಿದು ಪಂಜರದ ತಳದಲ್ಲಿ ಮೂಲೆ ಹಿಡಿದಿತ್ತು. ಬಾಲ ತಾಳ ಹಾಕುವ ಹಾಗೆ ಏಳುತ್ತ ಬೀಳುತ್ತ ಇತ್ತು.

ಅವಳು ಚಾಕು ತಂದು ನೊರೆಯನ್ನು ಹೆರೆದಳು. ಬಿಳಿ ಹಿಟ್ಟು ಉದುರಿತು. ಬಾಳೆಹಣ್ಣಿನ ಚೂರಿಗೆ ಅದನ್ನು ಸವರಿದಳು. ಅವಳ ಕೈ ಬೇಗಬೇಗ ಓಡುತ್ತಿತ್ತು. ಮುಖದಲ್ಲಿ ಎಂದೂ ಇಲ್ಲದ ಒಂದು ಆಸೆ. ಅವನು ಗೋಡೆಗೆ ಒರಗಿ ನಿಂತ. ಒಂದು ಗಳಿಗೆ, ಒಂದೇ ಗಳಿಗೆ, ತಾನು ಈ ಮನೆಗೆ ಏನೋ ತಂದೆ ಎನಿಸಿತು.

ಆಮೇಲೆ ಅವಳು ಆ ಹಣ್ಣಿನ ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಅವನು ಅದನ್ನು ಮರೆತಿದ್ದ. ಅವಳು ಗಿಳಿಗೆ ತಿನ್ನಿಸುವುದೇ ಹಾಗೆ. ಅಗಿದು, ಮೆತ್ತಗೆ ಮಾಡಿ, ತುಟಿಯಿಂದ ಕೊಕ್ಕಿಗೆ. ಮರಿಯಿದ್ದಾಗಿನಿಂದ ಹಾಗೇ. ದಿನವೂ ನೋಡುವುದನ್ನೇ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳ ದವಡೆ ಆಡಿತು. ಕೊರಳಲ್ಲಿ ಲಿಂಗದ ಕರಡಿಗೆ ಅಲುಗಿತು. ಗಿಳಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದು ಕಣ್ಣು ತೆರೆದು ಕೊಕ್ಕು ಚಾಚಿತು.

"ಅದು ನೊರೆಯಲ್ಲ," ಎಂದ ಮರುಳಸಿದ್ದಪ್ಪ.

ಅವಳು ತಿರುಗಿದಳು.

"ಮೂಳೆ. ಸಮುದ್ರದಾಗಿರೋ ಜಂತುವಿಂದು."

ಬಾಯಲ್ಲಿದ್ದದ್ದು ನೆಲಕ್ಕೆ ಬಿತ್ತು. ಗಿಳಿ ಪಂಜರದೊಳಕ್ಕೆ ಹೋಯಿತು. ಅವಳ ಕೈ ಅದನ್ನು ಇಟ್ಟಿತೋ ಬಿಟ್ಟಿತೋ ಅವನಿಗೆ ಕಾಣಲಿಲ್ಲ. ಹಿತ್ತಿಲಲ್ಲಿ ಅವಳು ಬಾಯಿ ಮುಕ್ಕಳಿಸಿದ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡ ಸದ್ದು. ಒಂದು ಕೊಡ, ಎರಡು ಕೊಡ.

ಒದ್ದೆ ಸೀರೆಯಲ್ಲೇ ಬಂದು ಅವನ ಎದುರು ನಿಂತಳು. ಪಂಜರದ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಅಂಗಡೀಲೇ ಗೊತ್ತಿತ್ತಾ ನಿಮಗೆ?"

ಅವಳು ತನ್ನೊಡನೆ ಮಾತಾಡುತ್ತಿದ್ದಾಳೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಗೊತ್ತಿತ್ತು."

"ಗೊತ್ತಿದ್ದೂ ತಂದ್ರಿ."

"ತಂದೆ."

"ಮತ್ಯಾಕೆ ಹೇಳಿದ್ರಿ?"

ತಂದದ್ದು ತಪ್ಪೋ ಹೇಳಿದ್ದು ತಪ್ಪೋ. ತರದಿದ್ದರೆ ಗಿಳಿ ಸಾಯುತ್ತಿತ್ತು. ಹೇಳದಿದ್ದರೆ ಅವಳು ಕೆಡುತ್ತಿದ್ದಳು. ತಂದೂ ಹೇಳಿಯೂ ಅವನು ಎರಡನ್ನೂ ಪೂರೈಸಿದ್ದ. ಒಂದು ಉಸಿರು ತಡಮಾಡಿದ್ದರೆ ಗಿಳಿಯಾದರೂ ಉಳಿಯುತ್ತಿತ್ತು. ತನ್ನದು ಸತ್ಯವೋ ಬರೀ ಅವಸರವೋ ಅವನಿಗೇ ಹೇಳಲಾಗಲಿಲ್ಲ.

ಅವಳು ಕಾದಳು. ಆಮೇಲೆ ಪಂಜರದ ಕಡೆ ತಿರುಗಿದಳು. ಮಾತು ಮತ್ತೆ ಹಳೆಯ ದಾರಿಗೆ ಬಿತ್ತು.

"ಗೋಡೆ ತಿನ್ಕಂಡು ಚೆನ್ನಾಗಿದ್ದೆ ಅಪ್ಪಣ್ಣಾ. ಆ ಜಾಗದಿಂದ ಎತ್ತಿಟ್ಟಿದ್ದು ಯಾರು ಕೇಳು."

ಅವನ ಕಣ್ಣು ತಾನಾಗಿ ಎದುರು ಗೋಡೆಗೆ ಹೋಯಿತು. ಅಲ್ಲಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ, ಸಂಜೆ ಶಾಲೆಯವರು ಅವನಿಗೆ ಕೊಟ್ಟ ಯೋಗ್ಯತಾಪತ್ರ ನೇತಾಡುತ್ತಿತ್ತು.

ಅಪ್ಪಣ್ಣನ ಪಂಜರ ಮೊದಲು ಅದೇ ಮೊಳೆಗೆ ತೂಗುತ್ತಿತ್ತು. ಕಂಬಿಯ ಸಂದಿಯಿಂದ ಕೊಕ್ಕು ಚಾಚಿ ಗಿಳಿ ದಿನವೂ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿತ್ತು. ಮೂರು ತಿಂಗಳ ಹಿಂದೆ ಓವರ್ಸಿಯರು ಮನೆಗಳನ್ನು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಸರ್ಕಾರದ ಗೋಡೆಯಲ್ಲಿ ಹೆಬ್ಬೆರಳು ಮುಳುಗುವಷ್ಟು ಕುಳಿ! ಮರುಳಸಿದ್ದಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪಂಜರವನ್ನು ಪಡಸಾಲೆಯ ನಡುವಿನ ತೊಲೆಗೆ, ಯಾವ ಗೋಡೆಯೂ ಎಟುಕದ ಹಾಗೆ ಕಟ್ಟಿದ. ಕುಳಿಯ ಮೇಲೆ ಯೋಗ್ಯತಾಪತ್ರ ತೂಗುಹಾಕಿದ. ಓವರ್ಸಿಯರು ಬರಲೇ ಇಲ್ಲ.

ಹಳೆಯ ಗೋಡೆಯ ಸುಣ್ಣ ಸುಡುವುದಿಲ್ಲ. ಅದು ಗಾಳಿ ಕುಡಿದು ಮತ್ತೆ ಕಲ್ಲಾಗಿರುತ್ತದೆ. ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿಯಬೇಕಿರಲಿಲ್ಲ. ಅವನ ದಿನದ ಕೆಲಸವೇ ಅದು.

ಈಗಲೇ ಪಂಜರ ಬಿಚ್ಚಬೇಕು. ಬಿಚ್ಚಿ ಮೊಳೆಗೆ ತೂಗಬೇಕು. ಅವನು ಒಂದು ಹೆಜ್ಜೆ ಇಟ್ಟ. ಕಣಿವೆಯಿಂದ ಗಂಟೆ ಬಡಿಯಿತು. ಮಧ್ಯಾಹ್ನದ ಹಾಜರಿ. ಇವತ್ತಿನ ಬಿಲ್ಲೆಗಳನ್ನು ಓವರ್ಸಿಯರು ಖುದ್ದು ನೋಡುವವರಿದ್ದರು.

ಅವನು ಟೋಪಿ ಹಾಕಿಕೊಂಡ. "ಸಂಜೆ ಬಂದು..." ಎಂದ. ಯಾರಿಗೆ ಹೇಳಿದನೆಂದು ಅವನಿಗೂ ತಿಳಿಯಲಿಲ್ಲ.

*

ಮಧ್ಯಾಹ್ನವೆಲ್ಲ ಅವನು ಬಿಲ್ಲೆ ಒತ್ತಿದ. ಒಂದರಲ್ಲೂ ಕುಳಿ ಬೀಳಲಿಲ್ಲ.

"ಭೇಷ್," ಎಂದರು ಓವರ್ಸಿಯರು. "ಕಲ್ಲು ನೋಡ್ರಿ, ಕಲ್ಲು. ನೂರು ವರ್ಷ ಅಲ್ಲಾಡಲ್ಲ."

ಕಾಳಕ್ಕ ದೂರದಿಂದಲೇ ಕೈಸನ್ನೆಯಲ್ಲಿ ಏನಾಯಿತೆಂದು ಕೇಳಿದಳು. ಅವನು ನೋಡದವನಂತೆ ತಿರುಗಿಕೊಂಡ. ಹೊತ್ತು ಇಳಿಯಿತು. ಅವಳು ಜರಡಿ ಕೊಡವಿ ಎದ್ದು ಹತ್ತಿರ ಬಂದಳು.

"ಮನೇಗೋಗ್ರಿ ಇನ್ನ. ಏನು ಕೊಟ್ರೂ ದೀಪ ಹಚ್ಚಾದ್ರೊಳಗೆ ಕೊಡ್ರಿ. ದೀಪ ಹಚ್ಚಿದ ಮ್ಯಾಲೆ ಸುಣ್ಣ ಕೊಡಬಾರ್ದು, ಗೊತ್ತಲ್ಲ?"

"ಅದೆಲ್ಲ ಮೂಢನಂಬಿಕೆ," ಎಂದ ಅವನು. ಆದರೆ ದಾರಿಯಲ್ಲಿ ಓಡಿದ.

*

ಮನೆಯೊಳಗೆ ಕತ್ತಲು ಕವಿಯುತ್ತಿತ್ತು. ದೀಪ ಹಚ್ಚಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಬೆಳಕು. ಸರ್ವಮಂಗಳ ಮಧ್ಯಾಹ್ನ ಉಂಡಿರಲಿಲ್ಲ. ಈಗ ಮತ್ತೆ ಮಡಿಯುಟ್ಟು, ಮತ್ತೆ ಪೂಜೆ ಮಾಡಿ, ಮತ್ತೆ ಅಡುಗೆ ಮಾಡುತ್ತಿದ್ದಳು.

ಅವನು ಯೋಗ್ಯತಾಪತ್ರವನ್ನು ಇಳಿಸಿ ಚಾಪೆಯ ಮೇಲೆ ಬೋರಲು ಹಾಕಿದ. ಕುಳಿ ಹಾಗೇ ಇತ್ತು. ಅಂಚಿನಲ್ಲಿ ಕೊಕ್ಕಿನ ಸಣ್ಣ ಸಣ್ಣ ಗೀರು, ಯಾರೋ ಬಿಡುವಿನಲ್ಲಿ ಕೂತು ಕೆತ್ತಿದ ಹಾಗೆ. ತೊಲೆಯಿಂದ ಪಂಜರ ಬಿಚ್ಚಿ ಮೊಳೆಗೆ ತೂಗಿದ.

"ತಿನ್ನು," ಎಂದ.

ಅಪ್ಪಣ್ಣ ತಳದಲ್ಲೇ ಮಲಗಿತ್ತು. ಬಾಲ ಕುಣಿಯುವುದು ನಿಂತಿತ್ತು. ರೆಪ್ಪೆ ಒಮ್ಮೆ ಅಲುಗಿದಂತೆ ಕಂಡಿತು. ಒಲೆಯ ಬೆಳಕೂ ಇರಬಹುದು.

"ತಿನ್ನಪ್ಪಾ. ನಿನ್ನ ಗೋಡೇನೇ."

ಅವನು ಉಗುರಿನಿಂದ ಕುಳಿ ಕೆರೆದ. ಉಗುರು ಮುರಿಯಿತು. ಚಾಕು ಅಡುಗೆಮನೆಯಲ್ಲಿತ್ತು, ಕೇಳಬೇಕಾದರೆ ಹೆಸರು ಹಿಡಿದು ಕರೆಯಬೇಕಿತ್ತು. ಅವಳ ಹೆಸರನ್ನು ಅವನು ಎಂದೂ ಬಾಯಿಬಿಟ್ಟು ಕರೆದಿರಲಿಲ್ಲ. ಇನ್ನೊಂದು ಉಗುರಿನಿಂದ ಕೆರೆದ. ಅಂಗೈಗೆ ಬಿದ್ದ ಪುಡಿಯನ್ನು ಬಾಯಿಗೆ ಹಾಕಿಕೊಂಡ. ರುಚಿಯಿರಲಿಲ್ಲ. ನಾಲಿಗೆಯಲ್ಲಿದ್ದ ನೀರನ್ನೆಲ್ಲ ಅದು ಹೀರಿತು. ಇನ್ನಷ್ಟು ಕೆರೆದ, ಇನ್ನಷ್ಟು ಹಾಕಿಕೊಂಡ. ಅವಳು ಮಾಡುವ ಹಾಗೆ ಅಗಿದ. ಗಿಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅದರ ಕೊಕ್ಕಿಗೆ ತುಟಿ ಇಟ್ಟ. ಕೊಕ್ಕು ಬೆಚ್ಚಗಿತ್ತು. ಅದು ಗಿಳಿಯ ಬಿಸಿಯೋ ತನ್ನ ತುಟಿಯದೋ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ದೀಪ ಹೊತ್ತಿತು. ಬೆಳಕು ಹೊಸಿಲು ದಾಟಿ ಅವನ ಕಾಲಿನವರೆಗೆ ಬಂದು ನಿಂತಿತು.

"ಅಪ್ಪಣ್ಣಾ," ಎಂದು ಒಳಗಿನಿಂದ ದನಿ ಬಂತು. ದಿನದ ದನಿಯೇ. "ಊಟಕ್ಕೆ ಬರ್ತಾರಾ ಕೇಳು."

ಅಪ್ಪಣ್ಣ ಕೇಳಲಿಲ್ಲ.

ಮರುಳಸಿದ್ದಪ್ಪ ಗೋಡೆಯ ಕಡೆ ಮುಖ ಮಾಡಿ, ಕೊಕ್ಕನ್ನು ತುಟಿಯ ನಡುವೆ ಹಿಡಿದು ನಿಂತಿದ್ದ. ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಬಾಯಲ್ಲಿ ಸುಣ್ಣ ಕಟ್ಟಿತ್ತು.

"ಕೇಳು," ಎಂದಳು ಅವಳು ಇನ್ನೊಮ್ಮೆ.

ಅವನೂ ಕಾದ, ಗಿಳಿ ಕೇಳಲೆಂದು.

ಒಳಗೆ ಲೋಟವೊಂದು ತಟ್ಟೆಯ ಅಂಚಿಗೆ ತಾಗಿತು. ಒಮ್ಮೆ. ತಡೆದು, ಮತ್ತೊಮ್ಮೆ.